ಶೇಷಾದ್ರಿ ಅಯ್ಯರ್ ಎಳೆದ ತಂತಿ, ಪೊಳಲಿಯ ಮಂಕು ಬಲ್ಬು

ಪೊಳಲಿಯ ನಮ್ಮ ಅಜ್ಜನ ಮನೆಯಲ್ಲಿ ಸಂಜೆ ತೋಟದ ಪಂಪ್ ಹಾಕಿದ ಕೂಡಲೇ ಚಾವಡಿಯ ಬಲ್ಬು ಕೆಂಪಗಾಗುತ್ತಿತ್ತು. ಫ್ಯಾನು ತಿರುಗುತ್ತಿದೆಯೋ ಇಲ್ಲವೋ ಅಂತ ತಲೆಯೆತ್ತಿ ನೋಡಬೇಕಿತ್ತು. ವೋಲ್ಟೇಜ್ ಇಲ್ಲ ಅನ್ನೋದು ಅಜ್ಜನ ಒಂದೇ ವಿವರಣೆ. ಊರಲ್ಲಿ ಎಲ್ಲರದ್ದೂ ಅದೇ ವಿವರಣೆ.

ಎಂಜಿನಿಯರಿಂಗ್ ಎರಡನೇ ವರ್ಷದಲ್ಲಿದ್ದಾಗ ಒಂದು ರಜೆಯಲ್ಲಿ ಗೆಳೆಯನೊಬ್ಬನ ಮೀಟರ್ ಎರವಲು ತಂದು ಅಳೆದೆ. ಟಿಸಿ ಹತ್ತಿರದ ಮನೆಯಲ್ಲಿ 230 ವೋಲ್ಟ್ ಇತ್ತು. ಗದ್ದೆ ದಾಟಿ, ಗುಡ್ಡೆ ಬಳಸಿ ನಮ್ಮ ಮನೆಗೆ ಬರುವಷ್ಟರಲ್ಲಿ 190. ಪಂಪ್ ಓಡುವಾಗ ತಂತಿಯಲ್ಲಿ ಹರಿಯುತ್ತಿದ್ದದ್ದು 10 ಆಂಪಿಯರ್. ಅಂದರೆ ದಾರಿಯಲ್ಲಿ 40 ವೋಲ್ಟ್ ಮಾಯ. 40ನ್ನು 10ರಿಂದ ಭಾಗಿಸಿ: ತಂತಿಯ ರೋಧ 4 ಓಮ್. 40ನ್ನು 10ರಿಂದ ಗುಣಿಸಿ: ತಂತಿ ಬಿಸಿ ಮಾಡುವುದಕ್ಕೇ ಹೋದದ್ದು 400 ವಾಟ್. ಟಿಸಿಯಿಂದ ನಮ್ಮ ಹೆಸರಲ್ಲಿ ಹೊರಟದ್ದು 2,300 ವಾಟ್, ತಲುಪಿದ್ದು 1,900. ಒಂದು ಭಾಗಾಕಾರ, ಒಂದು ಗುಣಾಕಾರ, ಅಷ್ಟೇ. ಎಂಟನೇ ಕ್ಲಾಸಿನ ಹುಡುಗಿಯೂ ಮಾಡುವ ಲೆಕ್ಕ.

ಆ ಲೆಕ್ಕ ಮತ್ತೆ ನೆನಪಾದದ್ದು ಇತ್ತೀಚಿನ ವರ್ಷಗಳಲ್ಲಿ, ಉಡುಪಿ–ಕಾಸರಗೋಡು 400 ಕೆವಿ ಲೈನ್ ವಿರುದ್ಧ ನಮ್ಮ ಕಡೆಯ ಕೃಷಿಕರು ಬೀದಿಗಿಳಿದಾಗ. ಅಡಿಕೆ ತೋಟದ ಮೇಲೆ ನಾಲ್ಕು ಲಕ್ಷ ವೋಲ್ಟ್ ಯಾಕೆ ಬೇಕು? ಮನೆಗೆ ಬರೋದು ಬರೀ 230 ಅಲ್ವಾ? ತುಂಬ ನ್ಯಾಯವಾದ ಪ್ರಶ್ನೆ. ಈ ಪ್ರಶ್ನೆಯನ್ನು ಕನ್ನಡ ನಾಡಿನಲ್ಲಿ ದೊಡ್ಡ ಮಟ್ಟದಲ್ಲಿ ಮೊದಲು ಎದುರಿಸಿದ್ದು ಒಬ್ಬ ದಿವಾನರು. ಕಾನೂನು ಓದಿದ ಮನುಷ್ಯ. 1901ರಲ್ಲಿ ತೀರಿಕೊಂಡವರು. ಬೆಂಗಳೂರಿನ ಶೇಷಾದ್ರಿಪುರಂ, ಕಬ್ಬನ್ ಪಾರ್ಕಿನ ಕೆಂಪು ಕಟ್ಟಡ ಅವರ ನೆನಪಿಗೇ ಇರೋದು. ಹೆಸರು ಎಲ್ಲರಿಗೂ ಗೊತ್ತು, ಮನುಷ್ಯ ಗೊತ್ತಿಲ್ಲ.

ಪಾಲಕ್ಕಾಡಿನಿಂದ ಮೈಸೂರಿಗೆ

ಕುಮಾರಪುರಂ ಶೇಷಾದ್ರಿ ಅಯ್ಯರ್ ಹುಟ್ಟಿದ್ದು 1845ರ ಜೂನ್ 1ರಂದು, ಮಲಬಾರಿನ ಪಾಲಕ್ಕಾಡು ಬಳಿ. ತಂದೆ ಕಲ್ಲಿಕೋಟೆಯಲ್ಲಿ ವಕೀಲರು. ಮಗ ಇನ್ನೂ ಕೂಸಾಗಿರುವಾಗಲೇ ತೀರಿಕೊಂಡರು. ಕಲ್ಲಿಕೋಟೆಯಲ್ಲಿ ಶಾಲೆ, ಮದರಾಸಿನ ಪ್ರೆಸಿಡೆನ್ಸಿ ಕಾಲೇಜು, 1868ರಲ್ಲಿ ಬಿಎ. ಅದೇ ವರ್ಷ ಕಲ್ಲಿಕೋಟೆಯ ಕಲೆಕ್ಟರ್ ಕಚೇರಿಯಲ್ಲಿ ಅನುವಾದಕನ ಕೆಲಸ. ಮೊದಲೇ ಪರಿಚಯವಿದ್ದ ಸಿ. ರಂಗಾಚಾರ್ಲು ಮೈಸೂರಿನಲ್ಲಿದ್ದರು, ಅವರು ಕರೆಸಿಕೊಂಡರು. ಆಗ ಮೈಸೂರು ಬ್ರಿಟಿಷ್ ಕಮಿಷನರ್ ಆಳ್ವಿಕೆಯಲ್ಲಿತ್ತು. ಅಷ್ಟಗ್ರಾಮ ವಿಭಾಗದಲ್ಲಿ ನ್ಯಾಯಾಂಗ ಕಾರ್ಯದರ್ಶಿಯಾಗಿ ಶುರು ಮಾಡಿದ ಯುವಕ ನೌಕರಿ ಮಾಡುತ್ತಲೇ ಕಾನೂನು ಪದವಿಯನ್ನೂ ಪಡೆದರು.

ಅವರು ಆಡಳಿತ ಕಲಿತ ಕಾಲ ಸಾಮಾನ್ಯ ಕಾಲವಲ್ಲ. 1876ರಿಂದ 78ರ ಬರ ಮೈಸೂರನ್ನು ಅಕ್ಷರಶಃ ಒಣಗಿಸಿತು. ಸುಮಾರು 10 ಲಕ್ಷ ಜನ ಸತ್ತರು. ಐದರಲ್ಲಿ ಒಬ್ಬರು. 1881ರಲ್ಲಿ ಬ್ರಿಟಿಷರು ಸಂಸ್ಥಾನವನ್ನು ಚಾಮರಾಜೇಂದ್ರ ಒಡೆಯರ್ ಅವರಿಗೆ ಮರಳಿಸಿದಾಗ ಜತೆಗೆ ಕೊಟ್ಟದ್ದು ಬರಗಾಲದ ಸಾಲ. ಮೊದಲ ದಿವಾನ ರಂಗಾಚಾರ್ಲು ಎರಡೇ ವರ್ಷದಲ್ಲಿ ತೀರಿಕೊಂಡರು. 1883ರಲ್ಲಿ ಶೇಷಾದ್ರಿ ಅಯ್ಯರ್ ದಿವಾನರಾದಾಗ ವಯಸ್ಸು 37. ಆ ಕುರ್ಚಿಯಲ್ಲಿ 18 ವರ್ಷ ಕೂತರು. ಮೈಸೂರಿನ ಯಾವ ದಿವಾನರೂ 1881ರ ನಂತರ ಅಷ್ಟು ಕಾಲ ಕೂರಲಿಲ್ಲ.

ಈ 18 ವರ್ಷವನ್ನು ಪಟ್ಟಿ ಮಾಡಿದರೆ ಹೊಗಳಿಕೆ ಪತ್ರದಂತೆ ಕಾಣುತ್ತದೆ. ರೈಲು ಮಾರ್ಗಗಳು. ಬೆಂಗಳೂರಿಗೆ ಹೆಸರಘಟ್ಟದಿಂದ ನೀರು. 1898ರ ಪ್ಲೇಗಿನ ಹೊತ್ತಿಗೆ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು. ವಿಕ್ಟೋರಿಯಾ ಆಸ್ಪತ್ರೆ. ಎಂಟು ವರ್ಷದೊಳಗಿನ ಹೆಣ್ಣುಮಕ್ಕಳ ಮದುವೆಯನ್ನು, 50 ದಾಟಿದ ಗಂಡಸರು 14ರೊಳಗಿನ ಹುಡುಗಿಯರನ್ನು ಮದುವೆಯಾಗುವುದನ್ನು ನಿಷೇಧಿಸಿದ 1894ರ ಕಾನೂನು. ಬ್ರಿಟಿಷ್ ಇಂಡಿಯಾದಲ್ಲಿ ಇಂಥ ಕಾಯ್ದೆ ಬರಲು 1929 ಆಯಿತು ಅನ್ನೋದು ನೆನಪಿರಲಿ.

ಇನ್ನೊಂದು ಮುಖವೂ ಇದೆ. ಪ್ರಜಾಪ್ರತಿನಿಧಿ ಸಭೆಗೆ 1891ರಲ್ಲಿ ಚುನಾವಣೆ ತಂದರು, ಆದರೆ ಮತ ಇದ್ದದ್ದು ಆಸ್ತಿ, ವಿದ್ಯೆ ಇದ್ದವರಿಗೆ ಮಾತ್ರ. ಅದೇ ವರ್ಷ ಮೈಸೂರು ಸಿವಿಲ್ ಸರ್ವಿಸ್ ಪರೀಕ್ಷೆ ಶುರುವಾಯಿತು. ಪರೀಕ್ಷೆ ಎಲ್ಲರಿಗೂ ತೆರೆದಿತ್ತು, ಇಂಗ್ಲಿಷ್ ಶಾಲೆಯ ಬಾಗಿಲು ಎಲ್ಲರಿಗೂ ತೆರೆದಿರಲಿಲ್ಲ. ಹುದ್ದೆಗಳು ಬ್ರಾಹ್ಮಣರ ಕೈಗೇ ಹೋದವು. ಅದರಲ್ಲೂ ಮದರಾಸಿನಿಂದ ಬಂದವರಿಗೆ ಹೋದವು ಅಂತ ಮೈಸೂರಿನವರೇ ಸಿಟ್ಟಾದರು. ಮುಂದೆ ಹಿಂದುಳಿದ ವರ್ಗಗಳ ಚಳವಳಿ, 1918ರ ಮಿಲ್ಲರ್ ಸಮಿತಿ ಎಲ್ಲ ಬಂದದ್ದು ಈ ವ್ಯವಸ್ಥೆಗೆ ಉತ್ತರವಾಗಿ. ನಾವು ಇಂದಿಗೂ ಜಗಳವಾಡುವ ಕಾವೇರಿ ಒಪ್ಪಂದಗಳ ಪೈಕಿ ಮೊದಲನೆಯದು, 1892ರದ್ದು, ಇವರ ಕಾಲದ್ದೇ. ಮೇಲಿನ ಮೈಸೂರು ಹೊಸ ಜಲಾಶಯ ಕಟ್ಟಬೇಕಾದರೆ ಕೆಳಗಿನ ಮದರಾಸಿನ ಒಪ್ಪಿಗೆ ಪಡೆಯಬೇಕು ಅನ್ನುವ ಷರತ್ತು ಅದರಲ್ಲಿತ್ತು.

ಮನುಷ್ಯ ಹೀಗಿದ್ದರು. ದೂರ ನೋಡುವವರು, ಆದರೆ ಕುರ್ಚಿಯ ಎತ್ತರದಿಂದ ನೋಡುವವರು.

ನೀರು ಇಲ್ಲಿ, ಚಿನ್ನ ಅಲ್ಲಿ

ಬರದಿಂದ ಬಡವಾದ ಸಂಸ್ಥಾನಕ್ಕೆ ಅನಿರೀಕ್ಷಿತವಾಗಿ ಸಿಕ್ಕ ಆದಾಯ ಕೋಲಾರದ ಚಿನ್ನ. ಗಣಿ ನಡೆಸುತ್ತಿದ್ದದ್ದು ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್. ಮೈಸೂರಿಗೆ ಬರುತ್ತಿದ್ದದ್ದು ರಾಯಧನ. ಗಣಿ ಆಳಕ್ಕೆ ಹೋದಷ್ಟೂ ಯಂತ್ರ ಜಾಸ್ತಿ ಬೇಕು. ಯಂತ್ರಕ್ಕೆ ಉಗಿ, ಉಗಿಗೆ ಕಲ್ಲಿದ್ದಲು, ಸೌದೆ. ಕಲ್ಲಿದ್ದಲು ಮೈಸೂರಲ್ಲಿ ಇಲ್ಲ. ಕಾವೇರಿ ಮಾತ್ರ ಶಿವನಸಮುದ್ರದಲ್ಲಿ ಬಂಡೆಗಳ ಮೇಲಿಂದ ಧುಮ್ಮಿಕ್ಕಿ ಸುಮ್ಮನೆ ಹರಿದುಹೋಗುತ್ತಿತ್ತು.

ಕಷ್ಟ ಇದ್ದದ್ದು ನಡುವಿನ ದೂರದಲ್ಲಿ. ಜಲಪಾತದಿಂದ ಗಣಿಗೆ 147 ಕಿಲೋಮೀಟರ್.

1890ರ ದಶಕದಲ್ಲಿ ಈ ದೂರ ಅಂದರೆ ಏನು ಅಂತ ಸ್ವಲ್ಪ ಊಹಿಸಿ. 1896ರಲ್ಲಿ ನಯಾಗರದಿಂದ ಬಫೆಲೋ ನಗರಕ್ಕೆ ಕರೆಂಟು ಹೋದದ್ದು ಜಗತ್ತಿಗೇ ಸುದ್ದಿ. ಅದು 40 ಕಿಲೋಮೀಟರ್ ಚಿಲ್ಲರೆ, 11,000 ವೋಲ್ಟ್. 1891ರಲ್ಲಿ ಜರ್ಮನಿಯ ಲಾಫೆನ್‌ನಿಂದ ಫ್ರಾಂಕ್‌ಫರ್ಟ್‌ಗೆ 175 ಕಿಲೋಮೀಟರ್ ಕಳಿಸಿ ತೋರಿಸಿದ್ದರು, ಆದರೆ ಅದು ಒಂದು ವಸ್ತುಪ್ರದರ್ಶನಕ್ಕೆ ಮಾಡಿದ ಪ್ರಯೋಗ. ಭಾರತದಲ್ಲಿ ಆಗ ಜಲವಿದ್ಯುತ್ ಅಂತ ಇದ್ದದ್ದು 1897ರಲ್ಲಿ ಡಾರ್ಜಿಲಿಂಗ್‌ನಲ್ಲಿ ಶುರುವಾದ 130 ಕಿಲೋವಾಟ್‌ನ ಪುಟ್ಟ ಕೇಂದ್ರ. ಗಣಿಗೆ ಬೇಕಿದ್ದದ್ದು 4,000 ಅಶ್ವಶಕ್ತಿ, ಅಂದರೆ ಸುಮಾರು 3,000 ಕಿಲೋವಾಟ್. ಹಗಲು ರಾತ್ರಿ, ನಿಲ್ಲದೆ.

ಸಂಸ್ಥಾನದ ಡೆಪ್ಯುಟಿ ಚೀಫ್ ಎಂಜಿನಿಯರ್ ಆಗಿದ್ದವರು ಕೆನಡಾ ಮೂಲದ ಮಿಲಿಟರಿ ಎಂಜಿನಿಯರ್ ಜೋಲಿ ದ ಲಾಟ್‌ಬಿನಿಯೇರ್. ಸಾಧ್ಯ ಅನ್ನೋದು ಅವರ ಲೆಕ್ಕ. ದಿವಾನರು ಅವರನ್ನು ಯುರೋಪು, ಅಮೆರಿಕಕ್ಕೆ ಕಳಿಸಿ ಪರಿಣತರ ಹತ್ತಿರ ಆ ಲೆಕ್ಕವನ್ನು ಒರೆಗೆ ಹಚ್ಚಿಸಿದರು. ಆ ಲೆಕ್ಕದ ತಿರುಳು ನಮ್ಮ ಅಜ್ಜನ ಮನೆಯ ಲೆಕ್ಕವೇ.

ವೋಲ್ಟೇಜ್ ಯಾಕೆ ಏರಿಸಬೇಕು?

ಇಲ್ಲಿ ಎರಡು ನಿಮಿಷ ಪೆನ್ನು ಹಿಡಿಯಿರಿ. ಮೂರು ಫೇಸಿನ ಗಣಿತವನ್ನು ಪಕ್ಕಕ್ಕಿಟ್ಟು ಸರಳ ಮಾಡಿಕೊಳ್ಳೋಣ. ತಂತಿಯ ರೋಧ 30 ಓಮ್ ಅಂತ ಹಿಡಿಯಿರಿ, ಇದು ಬರೀ ಲೆಕ್ಕದ ಸುಲಭಕ್ಕೆ ಇಟ್ಟುಕೊಂಡ ಅಂಕಿ.

ಶಕ್ತಿ ಅಂದರೆ ವೋಲ್ಟೇಜ್ ಗುಣಿಸು ಕರೆಂಟ್. 30 ಲಕ್ಷ ವಾಟ್‌ಗಳನ್ನು 3,000 ವೋಲ್ಟ್‌ನಲ್ಲಿ ಕಳಿಸಬೇಕು ಅಂದರೆ 1,000 ಆಂಪಿಯರ್ ಹರಿಯಬೇಕು. ಆ 1,000 ಆಂಪಿಯರ್‌ಗಳನ್ನು 30 ಓಮ್ ತಂತಿಯೊಳಗೆ ನೂಕಬೇಕಾದರೆ ಎಷ್ಟು ವೋಲ್ಟ್ ಬೇಕು? 1,000 ಗುಣಿಸು 30, ಮೂವತ್ತು ಸಾವಿರ. ಕೈಯಲ್ಲಿರೋದು ಮೂರು ಸಾವಿರ. ಅಂದರೆ ನಷ್ಟದ ಮಾತು ಬಿಡಿ, ಕರೆಂಟು ಗಣಿ ತನಕ ಹೋಗೋದೇ ಇಲ್ಲ. ಇಡೀ ಜಲಪಾತ ಸುರಿದರೂ ತಂತಿಯಲ್ಲೇ ಕತೆ ಮುಗಿಯುತ್ತದೆ.

ಈಗ ಅದೇ 30 ಲಕ್ಷ ವಾಟ್‌ಗಳನ್ನು 30,000 ವೋಲ್ಟ್‌ನಲ್ಲಿ ಕಳಿಸಿ. 100 ಆಂಪಿಯರ್ ಸಾಕು. ತಂತಿಯಲ್ಲಿ ಬೀಳುವ ವೋಲ್ಟೇಜ್ 3,000. ಕಳೆದುಹೋಗುವ ಶಕ್ತಿ 3,000 ಗುಣಿಸು 100, ಅಂದರೆ 3 ಲಕ್ಷ ವಾಟ್. ಹತ್ತರಲ್ಲಿ ಒಂದು ಪಾಲು ಹೋಯಿತು, ಒಂಬತ್ತು ಪಾಲು ತಲುಪಿತು. ಇದು ವ್ಯಾಪಾರಕ್ಕೆ ಕೂಡಿಬರುವ ಲೆಕ್ಕ. ಕರೆಂಟು ಅರ್ಧವಾದರೆ ನಷ್ಟ ಕಾಲು ಭಾಗಕ್ಕೆ ಇಳಿಯುತ್ತದೆ, ಹತ್ತರಲ್ಲೊಂದಾದರೆ ನೂರರಲ್ಲೊಂದಕ್ಕೆ. ನಷ್ಟ ಹೋಗೋದು ಕರೆಂಟಿನ ವರ್ಗದ ಮೇಲೆ.

ಈ ಸಂಬಂಧಗಳನ್ನು ಕಂಡುಕೊಟ್ಟವರಲ್ಲಿ ಮೊದಲನೆಯವನು ಗೇಯಾರ್ಗ್ ಓಮ್, ಜರ್ಮನಿಯ ಒಬ್ಬ ಬೀಗ ಮಾಡುವವನ ಮಗ, ಶಾಲಾ ಮೇಷ್ಟ್ರು. 1827ರಲ್ಲಿ ಪುಸ್ತಕ ಬರೆದಾಗ ಅವನ ದೇಶದ ದೊಡ್ಡವರು ಅದಕ್ಕೆ ಬೆಲೆ ಕೊಡಲಿಲ್ಲ. ತಂತಿ ಬಿಸಿಯಾಗುವ ಲೆಕ್ಕವನ್ನು 1841ರ ಸುಮಾರಿಗೆ ಸೇರಿಸಿದವನು ಇಂಗ್ಲೆಂಡಿನ ಜೌಲ್. ಅರವತ್ತು ವರ್ಷ ಕಳೆದ ಮೇಲೆ ಮೈಸೂರಿನ ಖಜಾನೆ ಅದೇ ಎರಡು ನಿಯಮಗಳ ಮೇಲೆ ಪಣ ಹೂಡಿತು.

ಪಣ ಅಂದದ್ದು ಯಾಕೆಂದರೆ, ದುಡ್ಡು ಸಂಸ್ಥಾನದ್ದು. ಜಲಪಾತವನ್ನು ಯಾವುದೋ ಕಂಪನಿಗೆ ಬರೆದುಕೊಟ್ಟು ಬಾಡಿಗೆ ಎಣಿಸುತ್ತ ಕೂರಬಹುದಿತ್ತು. ಶೇಷಾದ್ರಿ ಅಯ್ಯರ್ ಹಾಗೆ ಮಾಡಲಿಲ್ಲ. ವಿದ್ಯುತ್ ಕೇಂದ್ರವನ್ನು ಸರ್ಕಾರವೇ ಕಟ್ಟಿತು, ಸರ್ಕಾರವೇ ನಡೆಸಿತು, ಗಣಿ ಕಂಪನಿ ಬರೀ ಗಿರಾಕಿ. ಟರ್ಬೈನ್ ಕೊಟ್ಟದ್ದು ಸ್ವಿಟ್ಜರ್ಲೆಂಡಿನ ಎಷರ್ ವಿಸ್, ವಿದ್ಯುತ್ ಯಂತ್ರಗಳನ್ನು ಕೊಟ್ಟದ್ದು ಅಮೆರಿಕದ ಜನರಲ್ ಎಲೆಕ್ಟ್ರಿಕ್. ರೈಲು ನಿಂತ ಜಾಗದಿಂದ ಮುಂದಕ್ಕೆ ಅವನ್ನು ಎಳೆದದ್ದು ನಮ್ಮ ಎತ್ತುಗಳು, ಆನೆಗಳು. ಮತ್ತೆ ಹೆಸರು ಯಾವ ಫಲಕದಲ್ಲೂ ಇಲ್ಲದ ಕೂಲಿಗಳು.

1901ರ ಮಾರ್ಚಿನಲ್ಲಿ ದಿವಾನರು ಆರೋಗ್ಯ ಕೆಟ್ಟು ನಿವೃತ್ತರಾದರು. ಸೆಪ್ಟೆಂಬರ್ 13ರಂದು ತೀರಿಕೊಂಡರು, 56 ವರ್ಷ. ಶಿವನಸಮುದ್ರದ ಕರೆಂಟು ಕೋಲಾರಕ್ಕೆ ಹರಿದದ್ದು 1902ರ ಜೂನ್ 30ರಂದು. ಅಷ್ಟು ದೂರಕ್ಕೆ ವ್ಯಾಪಾರಕ್ಕಾಗಿ ಕರೆಂಟು ಸಾಗಿಸುವ ಲೈನ್ ಆಗ ಜಗತ್ತಿನಲ್ಲೇ ಬೆರಳೆಣಿಕೆಯಷ್ಟು. ಹತ್ತು ತಿಂಗಳು ಬದುಕಿದ್ದರೆ ಅವರು ಅದನ್ನು ನೋಡುತ್ತಿದ್ದರು.

ಬೆಳಕು ಯಾರಿಗೆ?

ಕತೆಯನ್ನು ಇಲ್ಲಿಗೆ ನಿಲ್ಲಿಸಿದರೆ ನಮ್ಮ ಪಠ್ಯಪುಸ್ತಕ ನಿಲ್ಲಿಸಿದಲ್ಲೇ ನಿಲ್ಲಿಸಿದಂತೆ. ಮುಂದೆ ಹೋಗೋಣ.

147 ಕಿಲೋಮೀಟರ್ ತಂತಿ ಮಂಡ್ಯ, ಬೆಂಗಳೂರು, ಕೋಲಾರದ ಸೀಮೆಗಳ ಎಷ್ಟೋ ಹಳ್ಳಿಗಳನ್ನು ದಾಟಿ ಹೋಯಿತು. ಆ ಹಳ್ಳಿಗಳು ಸೀಮೆಎಣ್ಣೆ ಬುಡ್ಡಿಯಲ್ಲೇ ಉಳಿದವು, ಇನ್ನೂ ಹಲವು ದಶಕ. ಬೆಂಗಳೂರಿನ ಬೀದಿದೀಪ ಹೊತ್ತಿದ್ದು 1905ರ ಆಗಸ್ಟ್ 5ರಂದು, ಗಣಿಗೆ ಕರೆಂಟು ಹೋಗಿ ಮೂರು ವರ್ಷದ ಮೇಲೆ. ಗಣಿಯ ಒಳಗೆ ಇಳಿಯುತ್ತಿದ್ದವರಲ್ಲಿ ಹೆಚ್ಚಿನವರು ತಮಿಳು, ತೆಲುಗು ಸೀಮೆಯಿಂದ ಬಂದ ದಲಿತರು. ಬಂಗಲೆ ದೊರೆಗಳದ್ದು, ಸಾಲುಗುಡಿಸಲು ಇವರದ್ದು. ಕಾವೇರಿಯ ನೀರು ಕರೆಂಟಾಯಿತು, ಕರೆಂಟು ಚಿನ್ನವಾಯಿತು, ಚಿನ್ನ ಹಡಗು ಹತ್ತಿತು. ಬೇಸಿಗೆಯಲ್ಲಿ ಶಿವನಸಮುದ್ರಕ್ಕೆ ನೀರು ತಪ್ಪಬಾರದು ಅನ್ನೋದೇ ಮುಂದೆ 1911ರಲ್ಲಿ ಕೆಆರ್‌ಎಸ್ ಕೆಲಸ ಶುರುವಾಗಲು ಇದ್ದ ಕಾರಣಗಳಲ್ಲಿ ಒಂದು. 2001ರಲ್ಲಿ ಗಣಿ ಮುಚ್ಚಿತು. ಸಯನೈಡ್ ದಿಬ್ಬಗಳು ಅಲ್ಲೇ ಇವೆ.

ಹಾಗಾದರೆ ದಿವಾನರ ಲೆಕ್ಕ ತಪ್ಪೇ? ಅಲ್ಲ. ನನ್ನ ಅಭಿಪ್ರಾಯದಲ್ಲಿ ಅದು ಆ ಕಾಲದ ಅತ್ಯಂತ ದಿಟ್ಟ, ಸರಿಯಾದ ಲೆಕ್ಕ. ಮೊದಲ ದೊಡ್ಡ ಗಿರಾಕಿ ಇಲ್ಲದೆ ಲೈನ್ ಬರುತ್ತಿರಲಿಲ್ಲ, ಲೈನ್ ಇಲ್ಲದೆ ಬೆಂಗಳೂರಿನ ದೀಪವೂ ಇಲ್ಲ, ಆಮೇಲಿನ ಕಾರ್ಖಾನೆಗಳೂ ಇಲ್ಲ. ಜತೆಗೆ, ನದಿಯ ಶಕ್ತಿ ಸರ್ಕಾರದ ಕೈಯಲ್ಲಿರಬೇಕು ಎಂಬ ನಿರ್ಧಾರ ಇಂದಿನ ಖಾಸಗೀಕರಣದ ಹೊತ್ತಿನಲ್ಲಿ ಮತ್ತೂ ದೊಡ್ಡದಾಗಿ ಕಾಣುತ್ತದೆ. ಆದರೆ ಆ ಲೆಕ್ಕ ಉತ್ತರಿಸಿದ್ದು ಒಂದೇ ಪ್ರಶ್ನೆಗೆ: ತಂತಿಯಲ್ಲಿ ಎಷ್ಟು ಕಳೆದುಹೋಗುತ್ತದೆ? ತಂತಿಯ ಕೆಳಗೆ ಇರುವವರು ಏನು ಕಳೆದುಕೊಳ್ಳುತ್ತಾರೆ ಅನ್ನುವ ಪ್ರಶ್ನೆಗೆ ಸೂತ್ರದಲ್ಲಿ ಜಾಗ ಇರಲಿಲ್ಲ. ಆ ಪ್ರಶ್ನೆ ಕೇಳುವವರಿಗೆ ಸಭೆಯಲ್ಲಿ ಮತವೂ ಇರಲಿಲ್ಲ.

ಮತ್ತೆ ನಮ್ಮ ತೋಟಕ್ಕೆ

ಈಗ 400 ಕೆವಿ ಲೈನಿಗೆ ಬನ್ನಿ. 1,000 ಮೆಗಾವಾಟ್ ಕಳಿಸಬೇಕು ಅಂತಿಟ್ಟುಕೊಳ್ಳಿ. ಅದೇ ಸರಳ ಲೆಕ್ಕದಲ್ಲಿ 4 ಲಕ್ಷ ವೋಲ್ಟ್‌ಗೆ 2,500 ಆಂಪಿಯರ್. 110 ಕೆವಿಯಲ್ಲಾದರೆ 9,000 ಆಂಪಿಯರ್‌ಗೂ ಮೇಲೆ, ಅದೇ ದಪ್ಪದ ತಂತಿಯಲ್ಲಿ ನಷ್ಟ 13 ಪಟ್ಟು. ಹಾಗಾಗಿ ವೋಲ್ಟೇಜ್ ಯಾಕೆ ಇಷ್ಟು ಅನ್ನುವ ಪ್ರಶ್ನೆಗೆ ಓಮ್, ಜೌಲ್ ಇಬ್ಬರೂ ಲೈನಿನವರ ಪರವಾಗಿಯೇ ಸಾಕ್ಷಿ ಹೇಳುತ್ತಾರೆ. ಆ ಪ್ರಶ್ನೆ ಹಿಡಿದು ಸಭೆಗೆ ಹೋದರೆ ಅಧಿಕಾರಿ ಬೋರ್ಡಿನ ಮೇಲೆ ಎರಡು ಸಾಲು ಬರೆದು ನಮ್ಮನ್ನು ಕೂರಿಸಿಬಿಡುತ್ತಾನೆ.

ಆದರೆ ಅದೇ ಎರಡು ಸಾಲು ಹೇಳದ ವಿಷಯಗಳು ಬಹಳ ಇವೆ. ಲೈನ್ ಯಾರ ತೋಟದ ಮೇಲೆ ಹೋಗಬೇಕು ಅಂತ ಓಮ್ ನಿಯಮ ಹೇಳುವುದಿಲ್ಲ. ಇಂಥ ಲೈನಿಗೆ ಸುಮಾರು 46 ಮೀಟರ್ ಅಗಲದ ಪಟ್ಟಿ ಬೇಕು, ಅದರಲ್ಲಿ ಅಡಿಕೆ, ತೆಂಗು ಎದ್ದು ನಿಲ್ಲುವಂತಿಲ್ಲ. ನಮ್ಮ ಬಂಟ್ವಾಳ, ಮೂಡುಬಿದಿರೆ ಕಡೆಯ ಹಿಡುವಳಿಗಳ ಅಗಲ ನೋಡಿದವರಿಗೆ ಗೊತ್ತು, ಎಷ್ಟೋ ಮನೆಗಳಿಗೆ ಆ 46 ಮೀಟರ್ ಅಂದರೆ ಇಡೀ ತೋಟ. ಜಾಗ ಮಾತ್ರ ಸ್ವಾಧೀನ ಅಂತ ಆಗುವುದಿಲ್ಲ, ಪಹಣಿಯಲ್ಲಿ ನಿಮ್ಮ ಹೆಸರೇ ಇರುತ್ತದೆ. ಯಾಕೆಂದರೆ 2003ರ ವಿದ್ಯುತ್ ಕಾಯ್ದೆ ಲೈನ್ ಎಳೆಯುವವರಿಗೆ ಕೊಡಿಸಿದ್ದು 1885ರ ಟೆಲಿಗ್ರಾಫ್ ಕಾಯ್ದೆಯ ಅಧಿಕಾರ. ಶೇಷಾದ್ರಿ ಅಯ್ಯರ್ ದಿವಾನರಾಗಿ ಎರಡು ವರ್ಷವಾಗಿದ್ದಾಗ ಬ್ರಿಟಿಷರು ತಂತಿ ಕಂಬಕ್ಕಾಗಿ ಮಾಡಿದ ಕಾನೂನು! ಜಾಗದ ಒಡೆತನ ತೆಗೆದುಕೊಳ್ಳದೆಯೇ ಕಂಬ ನಡಬಹುದು, ಹಾನಿಗೆ ಪರಿಹಾರ ಕೊಟ್ಟರೆ ಮುಗಿಯಿತು ಅನ್ನುವುದು ಅದರ ಧಾಟಿ. ತಂತಿಯ ವೋಲ್ಟೇಜ್ ಹತ್ತು ಪಟ್ಟು ಏರಿದೆ, ಕೆಳಗಿನವರ ಹಕ್ಕು 19ನೇ ಶತಮಾನದಲ್ಲೇ ನಿಂತಿದೆ.

ಹಾಗಾಗಿ ಕೇಳಬೇಕಾದ್ದು: ದಾರಿ ಗುರುತಿಸುವಾಗ ಯಾರನ್ನು ಕೇಳಿದಿರಿ? ಬೇರೆ ಯಾವ ದಾರಿಗಳನ್ನು ನೋಡಿದಿರಿ, ಅವುಗಳ ಉದ್ದ ಎಷ್ಟು, ರೋಧ ಎಷ್ಟು, ನಷ್ಟ ಎಷ್ಟು? ದಾರಿ ಹತ್ತು ಕಿಲೋಮೀಟರ್ ಸುತ್ತಿ ಹೋದರೆ ಹೆಚ್ಚುವ ನಷ್ಟದ ಬೆಲೆ ಎಷ್ಟು, ಉಳಿಯುವ ತೋಟಗಳ ಬೆಲೆ ಎಷ್ಟು? ಇವೆಲ್ಲ ಅಂಕಿಯಲ್ಲೇ ಉತ್ತರ ಸಿಗುವ ಪ್ರಶ್ನೆಗಳು. ಗಣಿತ ಗೊತ್ತಿದ್ದವರು ಕೇಳಿದರೆ ಜಾರಿಕೊಳ್ಳುವುದು ಕಷ್ಟ. ಹೋರಾಟದಲ್ಲಿರುವ ಗೆಳೆಯರಿಗೆ ನಾನು ಹೇಳೋದು ಇಷ್ಟೇ: ಕರಪತ್ರದ ಜತೆ ಒಂದು ಕ್ಯಾಲ್ಕ್ಯುಲೇಟರ್ ಕೂಡ ಇರಲಿ. ವಿದ್ಯುತ್ತಿನ ಪಾಠದಲ್ಲೂ ರಾಜಕೀಯದಲ್ಲೂ ಪ್ರತಿರೋಧ ಅನ್ನುವ ಒಂದೇ ಪದ ಇದೆ ನಮ್ಮಲ್ಲಿ. ಎರಡನ್ನೂ ಅಳೆಯಲು ಬರಬೇಕು.

ಅಜ್ಜನ ಮನೆ ಹತ್ತಿರಕ್ಕೆ ಆಮೇಲೆ ಹೊಸ ಟಿಸಿ ಬಂತು. ಸರ್ವಿಸ್ ತಂತಿ ಗಿಡ್ಡವಾಯಿತು, ಪಂಪ್ ಹಾಕಿದರೂ ಬಲ್ಬು ಕೆಂಪಾಗುವುದಿಲ್ಲ. ಅದಕ್ಕೆ ಊರವರು ಎಂಟು ವರ್ಷ ಅರ್ಜಿ ಕೊಟ್ಟಿದ್ದರು. ಎಂಟೂ ವರ್ಷ ವೋಲ್ಟೇಜ್ ಇಲ್ಲ ಅಂತಲೇ ಬರೆಯುತ್ತಿದ್ದರು. ಒಂಬತ್ತನೇ ಅರ್ಜಿಯಲ್ಲಿ ನಾವು 230, 190, 10 ಅಂತ ಮೂರು ಅಂಕಿ ಬರೆದೆವು. ಕೆಲಸ ಆದದ್ದು ಅದರಿಂದಲೇ ಅಂತ ನಾನು ಹೇಳಲಾರೆ. ಆದರೆ ಅಂಕಿ ನೋಡಿದ ಮೇಲೆ ಮೊದಲ ಸಲ ಒಬ್ಬರು ಮೀಟರ್ ಹಿಡಿದುಕೊಂಡು ಮನೆ ತನಕ ಬಂದಿದ್ದರು.